ಮಾರಕ್ಕನ ಮನೆಯ ಹಾಲು

ನಾನು ಒಂದು ಎಮ್ಮೆ. ಬಹುಮಾನ ಗೆದ್ದು ಹಾರ ಹಾಕಿಸಿಕೊಳ್ಳುವ ದೊಡ್ಡ ಕುಲದವಳಲ್ಲ. ಬೋಳುಗುಡ್ಡಗಳ ಸೀಮೆಯ ನಾಟಿ ಎಮ್ಮೆ. ಕೋಡು ಹಿಂದಕ್ಕೆ ಬಾಗಿವೆ. ಬಿಸಿಲಿಗೆ ನಿಂತರೆ ಮೈಗೂದಲಲ್ಲಿ ತುಸು ಕೆಂಪು ಕಾಣುತ್ತದೆ. ಅದಕ್ಕೇ ನನ್ನನ್ನು ಕೆಂಚಿ ಎನ್ನುತ್ತಾರೆ.

ನಾನು ಹುಟ್ಟಿದ್ದು ಕ್ಯಾತಣ್ಣ ಎಂಬ ರೈತನ ಕಣದಲ್ಲಿ, ಕಡಲೆಕಾಯಿ ಬಿಡಿಸುವ ಕಾಲದಲ್ಲಿ. ಅಮ್ಮ ನನ್ನ ಮೈ ನೆಕ್ಕಿ ಮುಗಿಸುವ ಮೊದಲೇ ಕ್ಯಾತಣ್ಣ ಬಗ್ಗಿ ನೋಡಿ, ‘ಹೆಣ್ಣು ಕಣ್ರೋ’ ಎಂದು ಕೂಗಿದ. ನಾನು ಮೊದಲು ಕೇಳಿದ ಮನುಷ್ಯರ ದನಿ ಅದು. ನಾವು ಮನುಷ್ಯರನ್ನು ಕೆಳಗಿನಿಂದ ನೋಡಿಯೇ ಬೆಳೆಯುವುದು. ಮೊದಲು ಕಾಲು ಕಾಣುತ್ತದೆ, ಆಮೇಲೆ ಕೈ. ಮುಖಕ್ಕಿಂತ ದನಿ ನಮಗೆ ಚೆನ್ನಾಗಿ ಗೊತ್ತಿರುತ್ತದೆ.

ಕ್ಯಾತಣ್ಣನ ಮನೆಯಲ್ಲಿ ನನಗೆ ಕೆರೆ ಇತ್ತು, ಕೆಸರಿತ್ತು, ಕೂಗಿ ಕರೆಯುವವರಿದ್ದರು. ಮಗಳ ಮದುವೆಯ ಖರ್ಚಿಗೆಂದು ಅವನು ನನ್ನನ್ನು ಪೇಟೆಯ ಹೋಟೆಲಿನವನಿಗೆ ಮಾರಿದ. ಹೋಟೆಲಿನವನು ಕೆಟ್ಟವನೇನಲ್ಲ. ಆದರೆ ನನ್ನನ್ನು ಕಟ್ಟಿದ್ದು ಚರಂಡಿಯ ಪಕ್ಕದಲ್ಲಿ. ಅಲ್ಲಿ ನಾನು ಕಂಡ ನೀರೆಂದರೆ ಅವನು ನನ್ನ ಹಾಲಿಗೆ ಬೆರೆಸುತ್ತಿದ್ದದ್ದು ಮಾತ್ರ. ಹಾಲು ಬತ್ತಿದ ಮೇಲೆ ನನ್ನನ್ನು ಸಂತೆಗೆ ಹೊಡೆದುಕೊಂಡು ಹೋದ.

ಸಂತೆಯಲ್ಲಿ ನನ್ನ ಬೆನ್ನಿನ ಮೇಲೆ ಒಂದು ಕೈ ಬಂತು. ಹೆಂಗಸಿನ ಕೈ, ಆದರೆ ಒರಟು. ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಅವಳು ಚೌಕಾಸಿ ಮಾಡಲಿಲ್ಲ. ನಾನು ಗಬ್ಬವಾಗಿದ್ದೇನೆಂದು ಹೊಟ್ಟೆ ಮುಟ್ಟಿಯೇ ತಿಳಿದುಕೊಂಡಳು. ಹಗ್ಗ ಹಿಡಿದು ನಡೆದಳು. ಅವಳ ಊರು ದೊಣೆಹಟ್ಟಿ ತಲುಪುವವರೆಗೂ ಒಂದು ಮಾತೂ ಆಡಲಿಲ್ಲ.

ಅವಳೇ ಮಾರಕ್ಕ. ಮನೆಯಲ್ಲಿ ಅವಳ ತಾಯಿ ಹನುಮಕ್ಕ ಒಬ್ಬಳೇ ಇದ್ದಳು. ಮುದುಕಿಗೆ ಕಣ್ಣು ಹೋಗಿತ್ತು. ನನ್ನ ಕೋಡು, ಕಿವಿ, ಕೊರಳು ಎಲ್ಲ ಸವರಿ ನೋಡಿದಳು.

‘ಎಮ್ಮೆ ತಂದ್ಯಾ ತಾಯಿ? ಹಾಗಾದ್ರೆ ಇನ್ನು ಹೋಗಲ್ಲ ಅಲ್ವ ನೀನು?’

‘ಎಮ್ಮೆ ಕಟ್ಕೊಂಡೋಳು ಎಲ್ಲಿಗೆ ಹೋಗ್ಲವ್ವ’ ಎಂದಳು ಮಾರಕ್ಕ. ಅವಳ ದನಿ ಅವತ್ತೇ ನಾನು ಕೇಳಿದ್ದು. ಅಗಲವಾದ, ತುಂಬಿದ ದನಿ. ಅಂಥ ದನಿಯವಳು ಇಷ್ಟು ಕಡಿಮೆ ಮಾತಾಡುವುದೇಕೆಂದು ನನಗೆ ತಿಳಿಯಲಿಲ್ಲ.

ಕೆಲವೇ ದಿನಗಳಲ್ಲಿ ನಾನು ಕರು ಹಾಕಿದೆ. ಗಂಡುಕರು. ಹೊಟ್ಟೆ ಕೆಟ್ಟು ಬೇಗನೆ ಸತ್ತುಹೋಯಿತು. ಅದು ಸಾಯುವ ಮೊದಲು, ಮೊದಲ ಹಾಲಿನಲ್ಲಿ ಮಾರಕ್ಕ ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಕಾಯಿಸಿದ್ದಳು. ಎಮ್ಮೆ ಈದ ಮನೆಯವರು ಬೀದಿಗೆಲ್ಲ ಗಿಣ್ಣು ಹಂಚುವುದು ಆ ಕಡೆಯ ವಾಡಿಕೆ. ಬಟ್ಟಲುಗಳಿಗೆ ಹಾಕಿ, ಮೇಲೆ ಮುತ್ತುಗದೆಲೆ ಮುಚ್ಚಿ ಮನೆಮನೆಗೆ ಕೊಟ್ಟು ಬಂದಳು. ಯಾರೂ ಬೇಡ ಎನ್ನಲಿಲ್ಲವಂತೆ. ಮಾರನೆಯ ದಿನ ನನ್ನನ್ನು ಮೇಯಲು ಬಿಡುವಾಗ ಬೀದಿಯ ತಿಪ್ಪೆಗಳ ಮೇಲೆ ಹಳದಿ ಗಿಣ್ಣಿನ ಗಡ್ಡೆಗಳು ಬಿದ್ದಿದ್ದವು. ಕಾಗೆಗಳು ತಿನ್ನುತ್ತಿದ್ದವು. ಮಾರಕ್ಕ ಒಂದು ಕ್ಷಣ ನಿಂತು ನೋಡಿದಳು. ಹಗ್ಗ ಎಳೆದು ಮುಂದೆ ಹೋದಳು.

ಯಾಕೆಂದು ನನಗೆ ಗೊತ್ತಾದದ್ದು ಡೇರಿಯ ಮುಂದೆ. ಒಂದು ಬೆಳಿಗ್ಗೆ ಮಾರಕ್ಕ ಹಾಲು ಕರೆದು, ಹಾಲಿನ ಬಕೆಟ್ಟು ಒಂದು ಕೈಯಲ್ಲಿ, ನನ್ನ ಹಗ್ಗ ಇನ್ನೊಂದು ಕೈಯಲ್ಲಿ ಹಿಡಿದು ಹೊರಟಳು. ಡೇರಿಯ ಎದುರಿನ ಹೊಂಗೆಮರಕ್ಕೆ ನನ್ನನ್ನು ಕಟ್ಟಿದಳು. ಸಾಲಿನಲ್ಲಿ ನಿಂತಳು. ಅವಳ ಮುಂದಿದ್ದವರು ಮುಂದಕ್ಕೆ ಸರಿದರು. ಹಿಂದಿದ್ದವರು ಹಿಂದಕ್ಕೆ ಸರಿದರು.

ಹಾಲು ಹಾಕಿಸಿಕೊಳ್ಳುವ ಸೆಕ್ರೆಟ್ರಿ ಗೋವಿಂದರಾಜು ಅವಳ ಬಕೆಟ್ಟು ಮುಟ್ಟಲಿಲ್ಲ.

‘ನಿನ್ನ ಹಾಲು ಹಾಕಿಸ್ಕೊಂಡ್ರೆ ನಾವ್ಯಾರೂ ಹಾಕಲ್ಲ ಅಂತವ್ರೆ ಮಾರಕ್ಕ. ನಾನೇನು ಮಾಡ್ಲಿ ಹೇಳು.’

‘ಸರ್ಕಾರದೋರೇ ಎಮ್ಮೆಗೆ ದುಡ್ಡು ಕೊಟ್ಟು ಕಳ್ಸವ್ರೆ ಗೋವಿಂದಣ್ಣ. ಡೇರಿಗೆ ಹಾಕ್ಕೊಂಡು ಬದ್ಕು ಅಂದ್ರು.’

ಸಾಲಿನಲ್ಲಿದ್ದ ಒಬ್ಬ ಮುದುಕ ಮುಖ ತಿರುಗಿಸಿಯೇ ಹೇಳಿದ: ‘ಸರ್ಕಾರ ಕ್ಷಮಿಸ್ತು ಅಂತ ನಾವೂ ಕ್ಷಮಿಸ್ಬೇಕಾ? ಸತ್ತೋನು ಸರ್ಕಾರದೋನಲ್ಲ. ನಮ್ಮೂರೋನು.’

ಆಗ ಕೊನೆಯಲ್ಲಿ ನಿಂತಿದ್ದ ಹೆಂಗಸೊಬ್ಬಳು ತನ್ನ ಸರದಿ ಬಿಟ್ಟು ಮುಂದೆ ಬಂದಳು. ತೆಳ್ಳನೆಯ ಕಾಲು, ಸವೆದ ಚಪ್ಪಲಿ. ತಂಬಿಗೆಯ ಹಾಲನ್ನು ಕ್ಯಾನಿಗೆ ಸುರಿದು, ಯಾರ ಕಡೆಗೂ ನೋಡದೆ ಹೊರಟುಹೋದಳು. ಅವಳು ಪುಟ್ಟೀರಮ್ಮ, ಮಾರಕ್ಕನ ಪಕ್ಕದ ಮನೆಯವಳು. ಅವಳು ಬೀದಿಯ ತಿರುವು ದಾಟುವುದನ್ನೇ ಕಾದಿದ್ದು ಇನ್ನೊಬ್ಬ ಮೆತ್ತಗೆ ಅಂದ: ‘ಇವಳ ಗಂಡನೇನು ಕಡಿಮೆ ಇದ್ನಾ ಬಿಡ್ರಪ್ಪ. ಪೊಲೀಸ್ರಿಗೆ ಸುದ್ದಿ ಕೊಡೋಕೆ ಹೋಗಿ ಸತ್ತ.’

ಹೀಗೆ ತುಂಡುತುಂಡಾಗಿ ಕಿವಿಗೆ ಬಿದ್ದದ್ದನ್ನು ಕೂಡಿಸಿ ಹೇಳುತ್ತೇನೆ. ಮಾರಕ್ಕ ಹುಡುಗಿಯಾಗಿದ್ದಾಗ ಗುಡ್ಡಗಳಲ್ಲಿ ಬಂದೂಕು ಹಿಡಿದ ಒಂದು ದಳ ಇತ್ತು. ಉಳ್ಳವರ ಜಮೀನು ಇಲ್ಲದವರಿಗೆ ಕೊಡಿಸುತ್ತೇವೆ ಎನ್ನುತ್ತಿತ್ತು. ಮಾರಕ್ಕ ಅವರ ಜೊತೆ ಹೋದಳು. ಪೊಲೀಸರು ಗುಡ್ಡ ಹತ್ತಿದರು. ಅವರೂ ಸತ್ತರು, ಇವರೂ ಸತ್ತರು. ಊರಿನ ಗಂಡಸರು ಎರಡೂ ಕಡೆಯವರಿಂದ ಏಟು ತಿಂದರು. ಒಂದು ಸಲ ದಳದ ಅಡಗುತಾಣದ ಮೇಲೆ ಪೊಲೀಸರು ಬಿದ್ದರು. ಸುಳಿವು ಕೊಟ್ಟವನು ಪುಟ್ಟೀರಮ್ಮನ ಗಂಡ ರಾಮಾಂಜಿನಪ್ಪನೇ ಎಂದು ದಳ ತೀರ್ಮಾನಿಸಿತು. ದೀಪ ಹಚ್ಚುವ ಹೊತ್ತಿನಲ್ಲಿ ಅವನನ್ನು ಮನೆಯಿಂದ ಕರೆದೊಯ್ದರು. ಬೆಳಿಗ್ಗೆ ಕೆರೆಯ ಕೋಡಿಯಲ್ಲಿ ಅವನ ಹೆಣ ಸಿಕ್ಕಿತು. ಅವತ್ತು ತೊಟ್ಟಿಲಲ್ಲಿದ್ದ ಅವನ ಮಗ ನವೀನನಿಗೆ ಈಗ ಮೀಸೆ ಬಂದಿದೆ; ಪೇಟೆಯಲ್ಲಿ ಟೈರಿನ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ದಳ ಚದುರಿತು. ಮಾರಕ್ಕ ಶರಣಾದಳು, ಜೈಲಿನಲ್ಲಿದ್ದಳು, ಬಿಡುಗಡೆಯಾಗಿ ತಾಯಿಯ ಮನೆಗೆ ಬಂದಳು. ನಾನು ಕಂಡದ್ದು ಅಲ್ಲಿಂದ ಈಚೆಗೆ.

ಡೇರಿ ಬೇಡವೆಂದ ಹಾಲನ್ನು ಮಾರಕ್ಕ ಹೆಪ್ಪು ಹಾಕಿದಳು. ಬೆಣ್ಣೆ ಕಡೆದು, ತುಪ್ಪ ಕಾಯಿಸಿ, ಅವಳನ್ನು ಅರಿಯದ ದೂರದ ಸಂತೆಗೆ ಒಯ್ದು ಮಾರಿದಳು. ಬದುಕು ನಡೆಯಿತು.

ಒಂದು ಸಂಗತಿ ಮಾತ್ರ ನನಗೆ ಅರ್ಥವಾಗಿರಲಿಲ್ಲ. ಎಮ್ಮೆ ಸಾಕಿದವರು ಎಮ್ಮೆಯನ್ನು ಕೂಗುತ್ತಾರೆ. ಮಾರಕ್ಕ ಕೂಗುತ್ತಿರಲಿಲ್ಲ. ನಾನು ಕೆರೆಯಂಗಳದಲ್ಲಿ ಎಷ್ಟು ದೂರ ಹೋಗಿದ್ದರೂ ಮುಳ್ಳು ಜಾಲಿಯ ನಡುವೆ ನಡೆದು ಬಂದು, ಕೊರಳು ತಟ್ಟಿ ಕರೆದೊಯ್ಯುತ್ತಿದ್ದಳು. ಒಂದು ಸಂಜೆ ನಾನು ಹಗ್ಗ ಬಿಚ್ಚಿಕೊಂಡು ಹಿತ್ತಲಿನಿಂದ ಹೊರಗೆ ಓಡಿದೆ. ಗಾಬರಿಯಲ್ಲಿ ಅವಳ ಬಾಯಿಂದ ‘ಕೆಂಚೀ... ಬಾರೇ’ ಎಂದು ಹೊರಟುಬಿಟ್ಟಿತು. ಬೀದಿಯೆಲ್ಲ ತುಂಬಿತು ಆ ದನಿ. ಗೋಡೆಯಾಚೆ ಪುಟ್ಟೀರಮ್ಮನ ಮನೆಯಲ್ಲಿ ಏನೋ ಕೈಜಾರಿ ಬಿದ್ದು ಒಡೆಯಿತು. ಬಾಗಿಲು ಮುಚ್ಚಿಕೊಂಡಿತು. ಮಾರಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತುಬಿಟ್ಟಳು. ನಾನೇ ತಿರುಗಿ ಅವಳ ಬಳಿ ಹೋದೆ.

ಮುಂದಿನ ಬೇಸಿಗೆಯಲ್ಲಿ ಹಳೆಯ ಕೇಸೊಂದಕ್ಕಾಗಿ ಮಾರಕ್ಕ ದೂರದ ಜಿಲ್ಲೆಯ ಕೋರ್ಟಿಗೆ ಹೋಗಬೇಕಾಯಿತು. ಹಾಲು ಕರೆಯಲು ಪಕ್ಕದ ಹಟ್ಟಿಯ ನೆಂಟನೊಬ್ಬನಿಗೆ ಹೇಳಿ ಹೋಗಿದ್ದಳು. ಅವನು ಬರಲಿಲ್ಲ. ಮಾರನೆಯ ಬೆಳಗಿನ ಹೊತ್ತಿಗೆ ನನ್ನ ಕೆಚ್ಚಲು ಕಲ್ಲಾಗಿತ್ತು. ನಾನು ಅರಚಿದೆ. ಹನುಮಕ್ಕ ಗೋಡೆ ಹಿಡಿದುಕೊಂಡು ಬಂದು ಕೂತಳು. ನಡುಗುವ ಬೆರಳಿಗೆ ಮೊಲೆ ಹಿಡಿಯಲು ಆಗಲಿಲ್ಲ. ‘ಯಾರಾದ್ರೂ ಬರ್‍ರಪ್ಪಾ’ ಎಂದು ಬೀದಿಗೆ ಕೂಗಿದಳು. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಯಾರೂ ಒಳಗೆ ಬರಲಿಲ್ಲ.

ಬಿಸಿಲೇರಿದ ಮೇಲೆ ಸವೆದ ಚಪ್ಪಲಿಯ ಕಾಲುಗಳು ನನ್ನ ಮುಂದೆ ಬಂದು ನಿಂತವು. ಪುಟ್ಟೀರಮ್ಮ. ಚೊಂಬು ಹಿಡಿದು ಕೂತಳು. ಹೊಸ ಕೈ, ಹೊಸ ವಾಸನೆ. ನೋವು ಬೇರೆ. ನಾನು ಒದ್ದೆ. ಚೊಂಬು ಉರುಳಿತು. ಮತ್ತೆ ಕೂತಳು, ಮತ್ತೆ ಒದ್ದೆ. ಅವಳ ಮೊಣಕೈ ತರಚಿತು. ಕರುವಿಲ್ಲದ ಎಮ್ಮೆ ತನಗೆ ಗೊತ್ತಿರುವವರಿಗೆ ಮಾತ್ರ ಸೊರೆಬಿಡುತ್ತದೆ, ಮೊಲೆಗೆ ಹಾಲಿಳಿಸುತ್ತದೆ. ಅದು ನಮ್ಮ ಹಟವಲ್ಲ, ನಮ್ಮ ಮೈಯೇ ಹಾಗೆ.

ಹೊಸಬರು ಹಾಲು ಕರೆಯಬೇಕಾದರೆ, ಎಮ್ಮೆಗೆ ಪರಿಚಯದ ವಾಸನೆ ಸಿಗಲೆಂದು, ಮನೆಯೊಡತಿಯ ಸೀರೆ ಹೊದ್ದುಕೊಂಡು ಕೂರುತ್ತಾರೆ. ಅದು ಎಮ್ಮೆ ಕಟ್ಟಿದ ಹೆಂಗಸರಿಗೆಲ್ಲ ಗೊತ್ತು. ಹಿತ್ತಲಿನ ತಂತಿಯ ಮೇಲೆ ಮಾರಕ್ಕನ ನೀಲಿ ಸೀರೆ ಒಣಗುತ್ತಿತ್ತು. ಪುಟ್ಟೀರಮ್ಮ ಅದರ ಮುಂದೆ ಹೋಗಿ ನಿಂತಳು. ಬಹಳ ಹೊತ್ತು ನಿಂತಳು. ಒಂದು ಸಲ ತನ್ನ ಮನೆಯ ಕಡೆಗೆ ಹೊರಟಳು ಕೂಡ. ನಾನು ಮತ್ತೆ ಅರಚಿದೆ. ಅವಳು ಹಿಂದಿರುಗಿ, ಸೀರೆಯನ್ನು ತಂತಿಯಿಂದ ಎಳೆದು, ತನ್ನ ಗಂಡನನ್ನು ಸಾವಿಗೆ ಕರೆದವಳ ಆ ಸೀರೆಯನ್ನು ಮೈತುಂಬ ಸುತ್ತಿಕೊಂಡಳು.

ನಾನು ಸೊರೆಬಿಟ್ಟೆ.

ಸದ್ದು ಕೇಳಿ ಹನುಮಕ್ಕ ತಡವರಿಸುತ್ತ ಬಂದಳು. ಸೆರಗು ಕೈಗೆ ಸಿಕ್ಕಿತು. ‘ಮಾರೀ, ಬಂದ್ಯಾ?’

‘ನಾನು ಪುಟ್ಟೀರಮ್ಮ ಕಣತ್ತೆ.’

‘ನನ್ನ ಮಗಳ ಸೀರೆ...’

‘ಎಮ್ಮೆ ಒದೀತು. ಬೇರೆ ದಾರಿ ಇರ್ಲಿಲ್ಲ.’

ಹನುಮಕ್ಕ ಸೆರಗನ್ನು ಬಿಡಲಿಲ್ಲ. ಅದನ್ನೇ ಮುಖಕ್ಕೆ ಒತ್ತಿಕೊಂಡು ಅಳತೊಡಗಿದಳು. ಪುಟ್ಟೀರಮ್ಮ ಹಾಲು ಕರೆಯುವುದನ್ನು ನಿಲ್ಲಿಸಲಿಲ್ಲ.

ಮಾರಕ್ಕ ಬರುವವರೆಗೆ ಅವಳು ಹೊತ್ತುಹೊತ್ತಿಗೆ ಬಂದಳು. ಸೀರೆ ಸುತ್ತಿಕೊಂಡು ಕರೆದು, ಹಾಲನ್ನು ಮುದುಕಿಯ ಒಲೆಯ ಪಕ್ಕ ಇಟ್ಟು, ಸೀರೆಯನ್ನು ಮಡಿಸಿ ತಂತಿಗೆ ಹಾಕಿ ಹೋಗುತ್ತಿದ್ದಳು. ಕೊನೆಯ ದಿನ ಅವಳು ಇನ್ನೂ ಕರೆಯುತ್ತಿರುವಾಗಲೇ ಮಾರಕ್ಕ ಬೆಳಗಿನ ಬಸ್ಸಿನಲ್ಲಿ ಬಂದಿಳಿದು ಹಿತ್ತಲಿಗೆ ಕಾಲಿಟ್ಟಳು. ತನ್ನ ಸೀರೆ ಹೊದ್ದು ಕೂತವಳನ್ನು ಕಂಡು ಅಲ್ಲೇ ನಿಂತಳು. ಪುಟ್ಟೀರಮ್ಮ ಏಳಲಿಲ್ಲ, ತಿರುಗಿಯೂ ನೋಡಲಿಲ್ಲ. ಅವಳ ಹಣೆ ನನ್ನ ಪಕ್ಕೆಗೆ ತಾಗಿತ್ತು. ಆ ಹಣೆ ಬಿಸಿಯಾದದ್ದು ನನಗೆ ತಿಳಿಯಿತು.

‘ಅವತ್ತು ಬಾಗಿಲಲ್ಲಿ ಕೂಗಿದ್ದು ನೀನೇ’ ಎಂದಳು.

‘ನಾನೇ ಅಕ್ಕ.’

‘“ಆಂಜಿನಣ್ಣ, ಒಂಚೂರು ಆಚಿಗೆ ಬಾ” ಅಂದೆ. ಉಣ್ತಾ ಇದ್ದೋನು ತಟ್ಟೆ ಬಿಟ್ಟು ಎದ್ದ. “ನಮ್ಮ ಮಾರಿ ಕಣೆ, ಬಂದವ್ಳೆ” ಅಂತ ನಗ್ತಾ ಹೋದ. ಬೇರೆ ಯಾರು ಕರೆದಿದ್ರೂ ಹೋಗ್ತಿರ್ಲಿಲ್ಲ.’

‘ಗೊತ್ತು. ಅದಕ್ಕೇ ನನ್ನನ್ನ ಕಳ್ಸಿದ್ದು.’

‘ಆಮೇಲೆ ಏನಾಯ್ತು? ಪೊಲೀಸ್ರು ನನ್ನನ್ನ ಕೇಳಿದ್ರು, ಪೇಪರ್‌ನೋರು ಕೇಳಿದ್ರು. ನಂಗೆ ಹೇಳಿದೋರು ಯಾರೂ ಇಲ್ಲ. ನೀನು ಹೇಳು.’

ಮಾರಕ್ಕ ನನ್ನ ಮುಂದೆ ನೆಲದ ಮೇಲೆ ಕೂತಳು. ನಾನು ಅವರಿಬ್ಬರ ನಡುವೆ ಗೋಡೆಯ ಹಾಗೆ ನಿಂತಿದ್ದೆ.

‘ಕೆರೆ ಏರಿ ಮೇಲೆ ನಡ್ಕೊಂಡು ಹೋದ್ವಿ. ಅವನಿಗೆ ಮೊದ್ಲು ಗೊತ್ತಾಗ್ಲಿಲ್ಲ. “ಏನೇ ಮಾರಿ, ಇಷ್ಟು ಬಡವಾಗಿದ್ದೀಯ” ಅಂದ. “ನಿಮ್ಮವ್ವನಿಗೆ ಕಣ್ಣು ಮಂಜಾಗೈತೆ, ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ, ಆದ್ರೆ ನೀನು ಬಂದುಬಿಡು” ಅಂದ. ನಾನು ಒಂದು ಮಾತೂ ಆಡ್ಲಿಲ್ಲ. ಆಮೇಲೆ ನಮ್ಮೋರು ಅವನ ಕೈ ಹಿಡ್ಕೊಂಡ್ರು. ನೀನು ಮುಂದೆ ನಡಿ ಅಂದ್ರು ನಂಗೆ. ನಡೆದೆ. ಹಿಂದಿಂದ “ಮಾರೀ” ಅಂತ ಕರೆದ.’

ಹಾಲಿನ ಸದ್ದು ನಿಂತಿತ್ತು.

‘ನಾನು ತಿರುಗ್ಲಿಲ್ಲ ಅಕ್ಕ. ಇಷ್ಟೇ. ಸ್ಕೂಲಿಗೆ ನನ್ನನ್ನ ಸೈಕಲ್ ಮೇಲೆ ಕೂರಿಸ್ಕೊಂಡು ಹೋಗ್ತಿದ್ದೋನು. ಕರೆದಾಗ ನಾನು ತಿರುಗ್ಲಿಲ್ಲ.’

ಪುಟ್ಟೀರಮ್ಮ ಕೇಳಿದಳು: ‘ಅವನು ಸುದ್ದಿ ಕೊಟ್ಟಿದ್ನಾ?’

‘ಇಲ್ಲ. ಯಾರೂ ಕೊಟ್ಟಿರ್ಲಿಲ್ಲ. ನಮ್ಮವ್ನೇ ಒಬ್ಬ ಮಾತ್ರೆ ತರೋಕೆ ಪೇಟೆಗೆ ಹೋಗಿದ್ದ. ಅವನ ಹಿಂದೇನೇ ಪೊಲೀಸ್ರು ಬಂದವ್ರೆ. ನಮಗೆ ಗೊತ್ತಾಗೋ ಹೊತ್ತಿಗೆ ಎಲ್ಲ ಆಗೋಗಿತ್ತು.’

ಪುಟ್ಟೀರಮ್ಮ ಎದ್ದು ನಿಂತಳು. ಚೊಂಬನ್ನು ನೆಲಕ್ಕೆ ಕುಕ್ಕಿದಳು, ಹಾಲು ತುಳುಕಿತು.

‘ನನ್ನ ಮಗನ್ನ ಸ್ಕೂಲಲ್ಲಿ ಪೊಲೀಸ್ ನಾಯಿ ಮರಿ ಅಂತಿದ್ರು. ಮೊನ್ನೆ ಹೆಣ್ಣು ನೋಡೋಕೆ ಹೋದ್ರೆ, ಅಪ್ಪ ಏನು ಮಾಡಿ ಸತ್ತ ಅಂತ ಕೇಳಿದ್ರು. ಇದೇ ಊರು, ಹೆಣ ಹೊತ್ತ ಊರೇ, ನಾನು ಆ ಕಡೆ ತಿರುಗಿದ್ರೆ ಅವನ ಬಾಯಿ ಸರಿಯಿರ್ಲಿಲ್ಲ ಅಂತೈತೆ. ನೀನು ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಲ್ಲೇ!’

‘ಯಾವ ಬಾಯಲ್ಲಿ ಹೇಳ್ಲಿ ಅಕ್ಕ?’

‘ಕರೆದ ಬಾಯಲ್ಲೇ ಹೇಳು. ಡೇರಿ ಮುಂದೆ ಹೇಳು, ಎಲ್ರೂ ಇರೋವಾಗ. ನನ್ನ ಮಗನ್ನೂ ಕರೆಸ್ತೀನಿ.’ ಸೀರೆಯನ್ನು ಬಿಚ್ಚಿ ಮಾರಕ್ಕನ ಮಡಿಲಿಗೆ ಹಾಕಿ ಹೊರಟುಹೋದಳು.

ನವೀನ ಬಂದ ಮಾರನೆಯ ಬೆಳಿಗ್ಗೆ ಮಾರಕ್ಕ ನನ್ನನ್ನು ಹೊಂಗೆಮರಕ್ಕೆ ಕಟ್ಟಿ, ಬಕೆಟ್ಟನ್ನು ಕೆಳಗಿಟ್ಟು, ಸಾಲಿನ ಮುಂದೆ ಹೋಗಿ ನಿಂತಳು. ದನಿ ತಗ್ಗಿಸದೆ ಹೇಳಿದಳು:

‘ರಾಮಾಂಜಿನಪ್ಪ ಯಾರಿಗೂ ಸುದ್ದಿ ಕೊಟ್ಟಿರ್ಲಿಲ್ಲ. ಅವನ ಮೇಲೆ ಸುಳ್ಳು ಹೊರಿಸಿ ಕೊಂದ್ವಿ. ಬಾಗಿಲಿಗೆ ಹೋಗಿ ಕರೆದೋಳು ನಾನು. ಅವನ ತಪ್ಪು ಅಂತ ಒಂದಿದ್ರೆ, ನನ್ನನ್ನ ತಂಗಿ ಅಂದ್ಕೊಂಡಿದ್ದು. ಇನ್ನು ಮೇಲೆ ಯಾರಾದ್ರೂ ಅವನ ಹೆಸರು ಕೆಡಿಸೋದಾದ್ರೆ ನನ್ನ ಹೆಸರು ಹೇಳ್ಲಿ.’

ನವೀನ ಗುಂಪಿನಿಂದ ಹೊರಬಂದ. ಅವಳನ್ನು ಹೊಡೆಯುತ್ತಾನೆಂದೇ ನಾನು ತಿಳಿದೆ. ಮಾರಕ್ಕನೂ ಹಾಗೇ ತಿಳಿದು ಕಣ್ಣು ಮುಚ್ಚಿದಳು. ಅವನು ಕೆಳಗಿದ್ದ ಬಕೆಟ್ಟನ್ನು ಎತ್ತಿ, ಹಾಲನ್ನೆಲ್ಲ ಅವಳ ಕಾಲ ಮುಂದೆ ಸುರಿದ. ಖಾಲಿ ಬಕೆಟ್ಟನ್ನು ಬೀದಿಗೆ ಎಸೆದ.

‘ನಮ್ಮಪ್ಪನ ಮುಖ ಹೆಂಗಿತ್ತು ಅಂತಾನೂ ನಂಗೆ ಗೊತ್ತಿಲ್ಲ’ ಎಂದ. ಅಳುತ್ತ ಬಸ್ಸಿನ ದಾರಿ ಹಿಡಿದು ಹೋದ.

ಪುಟ್ಟೀರಮ್ಮ ಉರುಳಿ ಹೋಗಿದ್ದ ಬಕೆಟ್ಟನ್ನು ಎತ್ತಿಕೊಂಡು ಬಂದಳು. ಗೋವಿಂದರಾಜುವಿಗೆ ಹೇಳಿದಳು: ‘ನಾಳೆಯಿಂದ ಇವಳ ಹಾಲು ಹಾಕಿಸ್ಕೋ. ಇಲ್ಲಾಂದ್ರೆ ನಂದೂ ಬೇಡ.’

‘ಹಾಗಾದ್ರೆ ಕ್ಷಮಿಸ್ಬಿಟ್ಯೇನಕ್ಕ?’

‘ಅದು ಅವಳಿಗೂ ನಂಗೂ ಇರೋ ಮಾತು. ಇನ್ನೂ ಮುಗಿದಿಲ್ಲ. ನಿನ್ನ ಕ್ಯಾನಿಗೂ ಅದಕ್ಕೂ ಏನು ಸಂಬಂಧ?’

ನನ್ನ ಹಾಲು ಡೇರಿಗೆ ಹೋಗತೊಡಗಿತು. ಊರು ಒಂದೇ ದಿನಕ್ಕೆ ಬದಲಾಯಿತು ಎಂದರೆ ಸುಳ್ಳಾದೀತು. ಕೆಲವರು ತಮ್ಮ ಹಾಲನ್ನು ಖಾಸಗಿ ವ್ಯಾನಿಗೆ ಹಾಕತೊಡಗಿದರು. ರಾಮಾಂಜಿನಪ್ಪನ ಬಗ್ಗೆ ಆಡಿಕೊಂಡವರು ಯಾರೂ ಪುಟ್ಟೀರಮ್ಮನ ಬಳಿ ಬಂದು ತಪ್ಪಾಯಿತು ಎನ್ನಲಿಲ್ಲ. ಅವಳು ಎದುರಾದರೆ ದಾರಿ ಬಿಟ್ಟು ನಿಂತರು, ಅಷ್ಟೇ. ಪುಟ್ಟೀರಮ್ಮ ಮಾರಕ್ಕನ ಜೊತೆ ಮಾತು ಬೆಳೆಸಲಿಲ್ಲ. ಹನುಮಕ್ಕ ತೀರಿಕೊಂಡಾಗ ಮಾತ್ರ, ಯಾರೂ ಕರೆಯುವ ಮೊದಲೇ ಬಂದು ಹಂಡೆಗೆ ನೀರು ತುಂಬಿಸಿ, ಮುದುಕಿಯ ಮೈತೊಳೆದು, ಹಣೆಗೆ ವಿಭೂತಿ ಹಚ್ಚಿದಳು. ನವೀನ ಬರಲಿಲ್ಲ. ಅವನಿಗೆ ಮದುವೆಯಾಯಿತು, ಹಬ್ಬಕ್ಕೆ ಊರಿಗೆ ಬರುತ್ತಾನೆ. ಇಂದಿಗೂ ಮಾರಕ್ಕನ ಮನೆಯ ಕಡೆ ಮುಖ ಮಾಡುವುದಿಲ್ಲ. ಅವನು ಊರಲ್ಲಿರುವಷ್ಟು ದಿನ ಮಾರಕ್ಕ ಹಿತ್ತಲಿನಿಂದಲೇ ಓಡಾಡುತ್ತಾಳೆ.

ಈಗ ನನಗೆ ವಯಸ್ಸಾಗಿದೆ. ಹಲ್ಲು ಸವೆದಿವೆ, ಕೆಚ್ಚಲು ಒಣಗಿದ ಚೀಲದಂತೆ ಜೋತಿದೆ. ದಲ್ಲಾಳಿಗಳು ಬಂದು ಕೇಳಿದರೂ ಮಾರಕ್ಕ ನನ್ನನ್ನು ಕೊಡಲಿಲ್ಲ. ಹಿತ್ತಲಿನ ನೆರಳಲ್ಲಿ ಮಲಗಿ ದಿನ ಕಳೆಯುತ್ತೇನೆ. ಈ ಮನುಷ್ಯರು ಕ್ಷಮೆ ಎನ್ನುವುದು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಯೋಚಿಸುತ್ತೇನೆ. ನನಗೆ ಗೊತ್ತಾಗಿಲ್ಲ. ಆದರೆ ಹೋದ ಮಾಗಿಯಲ್ಲಿ ನಡೆದ ಒಂದು ಜಗಳವನ್ನು ಹೇಳುತ್ತೇನೆ.

ಪುಟ್ಟೀರಮ್ಮ ಅವರೆಬಳ್ಳಿ ಹಬ್ಬಿಸಿದ್ದಳು. ಸೊನೆ ತುಂಬಿದ ಕಾಯಿಯ ವಾಸನೆ ಗೋಡೆಯಾಚೆಯಿಂದ ಬರುತ್ತಿತ್ತು. ಕುಸಿದ ಗೋಡೆಯನ್ನು ದಾಟಿ ನಾನು ನುಗ್ಗಿದೆ. ಚಪ್ಪರವೇ ಕೆಳಗೆ ಬಂತು. ತಿಂದಷ್ಟು ತಿಂದೆ, ಉಳಿದದ್ದನ್ನು ತುಳಿದೆ.

ಪುಟ್ಟೀರಮ್ಮ ಪೊರಕೆ ಹಿಡಿದು ಬಂದಳು. ‘ಏ ಮಾರೀ! ನಿನ್ನ ಹಾಳು ಎಮ್ಮೆ ನನ್ನ ಅವರೆಕಾಯೆಲ್ಲ ಮುಕ್ಕೈತೆ ನೋಡೇ! ಕಟ್ಟಿ ಸಾಕೋಕಾಗ್ದಿದ್ರೆ ಯಾಕೆ ಸಾಕ್ತೀಯೆ?’

‘ಗೋಡೆ ಕಟ್ಕೊಳಕ್ಕ! ಬಿದ್ದೋಗಿ ಎಷ್ಟು ಕಾಲ ಆಯ್ತು? ಅರ್ಧ ನಿಂದೇ ಅಲ್ವ ಗೋಡೆ?’ ಎಂದು ಮಾರಕ್ಕ ಒಳಗಿನಿಂದಲೇ ಕೂಗಿದಳು.

ಜಗಳ ಏರಿತು. ಸೋಮಾರಿ ಎಂದಳು ಇವಳು, ಜಿಪುಣಿ ಎಂದಳು ಅವಳು. ಸಗಣಿಯ ವಾಸನೆ, ಬಚ್ಚಲ ನೀರು, ಹಿಂದೆಂದೋ ಒಯ್ದು ಹಿಂದಕ್ಕೆ ಕೊಡದ ಒನಕೆ, ಎಲ್ಲ ಹೊರಗೆ ಬಂದವು. ಬೀದಿಯ ಹೆಂಗಸರು ಬಾಗಿಲುಗಳಿಗೆ ಬಂದು ನಿಂತರು. ಅವರೆಲ್ಲ ಒಂದೇ ಮಾತಿಗಾಗಿ ಕಾಯುತ್ತಿದ್ದರು. ಪುಟ್ಟೀರಮ್ಮನ ನಾಲಿಗೆಯಲ್ಲಿ ಎಲ್ಲಕ್ಕಿಂತ ಹರಿತವಾದ ಮಾತು ಇದೆಯೆಂದು, ಅದನ್ನು ಆಡಿದರೆ ಮಾರಕ್ಕ ಅಲ್ಲೇ ಕುಸಿಯುತ್ತಾಳೆಂದು ಎಲ್ಲರಿಗೂ ಗೊತ್ತಿತ್ತು. ನಾನೂ ಕಿವಿ ನಿಮಿರಿಸಿ ನಿಂತೆ.

ಪುಟ್ಟೀರಮ್ಮ ಸಿಟ್ಟಿನಿಂದ ಕೆಂಪಾಗಿದ್ದಳು. ಕೈಗೆ ಸಿಕ್ಕ ಬೈಗುಳವನ್ನೆಲ್ಲ ಬೈದಳು. ನನ್ನ ತಾಯಿಯನ್ನೂ ಬಿಡಲಿಲ್ಲ. ಆ ಮಾತು ಮಾತ್ರ ಬರಲಿಲ್ಲ. ಹೆಂಗಸರು ಕಾದು ಕಾದು ಒಬ್ಬೊಬ್ಬರೇ ಒಳಗೆ ಹೋದರು.

ಸಂಜೆ ಪುಟ್ಟೀರಮ್ಮ ಮುರಿದ ಬಳ್ಳಿಗಳನ್ನೆಲ್ಲ ಕಿತ್ತು ತೆಕ್ಕೆಯಲ್ಲಿ ಹಿಡಿದು, ಗೋಡೆ ದಾಟಿ ಬಂದು ನನ್ನ ಮುಂದೆ ಹಾಕಿದಳು.

‘ತಿನ್ನು. ಇನ್ನೇನು ಉಳ್ಸಿದ್ದೀಯ’ ಎಂದಳು.

ನಾನು ತಿಂದೆ. ಅವಳು ಸ್ವಲ್ಪ ಹೊತ್ತು ನನ್ನ ಹಣೆ ಕೆರೆಯುತ್ತ ನಿಂತಿದ್ದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, ಇನ್ನೂ ಇಳಿಯದ ಸಿಟ್ಟಿನಲ್ಲೇ ಕೇಳಿದಳು: ‘ಏನು ಸಾರು ಮಾಡಿದ್ದೀಯೆ?’